ಕೂತ ಮೇಲೆ

ಮಗಳ ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿ ನಾಲ್ಕು ಹೆಣಿಗೆ ಹಾಕುವಷ್ಟರಲ್ಲಿ ಗೇಟಿನ ಕಡೆಯಿಂದ ಆ ಸದ್ದು ಬಂತು. ಕಬ್ಬಿಣದ ಹಂಡೆಯನ್ನು ಸಿಮೆಂಟಿನ ಮೇಲೆ ಎಳೆದಂಥ ಸದ್ದು. ಕಾರಿನ ಹೊಟ್ಟೆ ನಮ್ಮ ಗೇಟಿನ ಇಳಿಜಾರಿಗೆ ತಾಗಿ ಉಜ್ಜಿದರೆ ಹಾಗೆ ಕೇಳುತ್ತದೆ.

ನನ್ನ ಕೈ ನಿಂತಿತು. ಮುಂದೆ ಮಣೆಯ ಮೇಲೆ ಕೂತಿದ್ದ ಮಗಳ ಭುಜ ಬಿಗಿಯಾದದ್ದು ನನ್ನ ಮೊಣಕಾಲಿಗೆ ಗೊತ್ತಾಯಿತು. ಆ ಸದ್ದನ್ನು ನಾವಿಬ್ಬರೂ ಹಿಂದೆ ಕೇಳಿದ್ದು ಒಂದೇ ಸಲ. ಏಳು ತಿಂಗಳ ಹಿಂದೆ ನನ್ನ ತಮ್ಮ ತನ್ನ ಕಾರಿನ ಎತ್ತರವನ್ನು ತಗ್ಗಿಸಿಕೊಂಡು ಇದೇ ಗೇಟು ದಾಟಿ ಹೋದಾಗ. ಈಗ ಅವನು ತೀರಿಕೊಂಡು ನಾಲ್ಕು ತಿಂಗಳ ಮೇಲಾಯಿತು.

"ಬಿಚ್ಚಿಹೋಗತ್ತೆ, ಹಿಡ್ಕೊಂಡಿರು" ಎಂದು ಅರ್ಧ ಜಡೆಯನ್ನು ಅವಳ ಕೈಗೇ ಕೊಟ್ಟು ಎದ್ದೆ. ಯಾರು ಬಂದರು ಎಂದು ಅವಳು ಕೇಳಲಿಲ್ಲ.

ಮೊದಲಾಗಿದ್ದರೆ ಕೇಳುತ್ತಿದ್ದಳು. ಎಂಟು ವರ್ಷದ ಈ ಹುಡುಗಿಗೆ ಅವಳ ಮಾಮ ಇಟ್ಟ ಹೆಸರೇ 'ಯಾಕಮ್ಮ'. ಬೆಂಕಿ ಯಾಕೆ ಮೇಲಕ್ಕೇ ಹೋಗತ್ತೆ, ಬೆಕ್ಕಿಗೆ ಯಾಕೆ ಮೀಸೆ, ಮಾಮ ಯಾಕೆ ಇಷ್ಟು ಉದ್ದ. "ಚಿಕ್ಕವನಿದ್ದಾಗ ನಿಮ್ಮಮ್ಮ ನನ್ನ ಸ್ನಾನ ಮಾಡಿಸಿ ಹಗ್ಗಕ್ಕೆ ಒಣಗಿ ಹಾಕಿ ಮರೆತುಬಿಟ್ಟಿದ್ಲು. ಜಗ್ಗಿ ಜಗ್ಗಿ ಹಿಂಗಾಯ್ತು" ಎನ್ನುತ್ತಿದ್ದ ಅವನು. ಇವಳು ಅವನನ್ನು ಏಣಿ ಮಾಮ ಎಂದು ಕರೆಯುತ್ತಿದ್ದಳು. ಏಣಿಗೂ ಯಾಕಮ್ಮನಿಗೂ ಮಾತು ಶುರುವಾದರೆ ಒಲೆಯ ಮೇಲಿಟ್ಟದ್ದು ಸೀದರೂ ನಾನು ಅಲ್ಲೇ ನಿಂತಿರುತ್ತಿದ್ದೆ.

ನಾಲ್ಕು ತಿಂಗಳಿಂದ ಇವಳು ಒಮ್ಮೆಯೂ ಯಾಕೆ ಎಂದಿಲ್ಲ. "ಕೈ ಎತ್ತೋದನ್ನೇ ಬಿಟ್ಟಿದಾಳೆ" ಎಂದು ಶಾಲೆಯ ಟೀಚರ್ ಕರೆದು ಹೇಳಿದರು. ಅವಳೊಳಗೆ ಒಂದು ಪ್ರಶ್ನೆ ಇತ್ತು. ಬಿಸಿತುಪ್ಪದ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬಟ್ಟೆ ಮಡಚುವಾಗ ಪಕ್ಕ ಬಂದು ಕೂರುತ್ತಿದ್ದಳು, ಬಾಯಿ ತೆರೆಯುತ್ತಿದ್ದಳು, ಮತ್ತೆ ಒಂದು ಟವೆಲ್ ತೆಗೆದುಕೊಂಡು ತಪ್ಪುತಪ್ಪಾಗಿ ಮಡಚುತ್ತಿದ್ದಳು. ನಾನು ಕೆದಕಲಿಲ್ಲ. ಹಣ್ಣಾಗದ್ದನ್ನು ಹಿಚುಕಬಾರದು. ಆದರೆ ಆ ಪ್ರಶ್ನೆ ಏನಿರಬಹುದು ಎಂದು ನನಗೆ ಗೊತ್ತಿದೆ ಎಂದೇ ತಿಳಿದಿದ್ದೆ. ಮಾಮ ಹೋಗಿದ್ದು ಅಪ್ಪನಿಂದಲಾ? ಅದಕ್ಕೆ ಹೇಳಬೇಕಾದ ಮಾತನ್ನು ಪಾತ್ರೆ ತಿಕ್ಕುತ್ತ ತಿಕ್ಕುತ್ತ ಎಷ್ಟೋ ಸಲ ಜೋಡಿಸಿ ಇಟ್ಟುಕೊಂಡಿದ್ದೆ.

ನಮ್ಮ ಮನೆಗೂ ನನ್ನ ಗಂಡನ ಶೆಡ್ಡಿಗೂ ನಡುವೆ ಇರುವುದು ಅಡುಗೆಮನೆಯ ಹಿಂಬಾಗಿಲು ಮಾತ್ರ. ಕಾರುಗಳ ಅಲೈನ್‌ಮೆಂಟ್ ನೋಡುವುದು ಅವರ ಕೆಲಸ. ನಾಲ್ಕು ಚಕ್ರವೂ ಒಂದೇ ದಿಕ್ಕಿಗೆ ಮುಖ ಮಾಡಿವೆಯೇ, ನೆಟ್ಟಗೆ ನಿಂತಿವೆಯೇ ಎಂದು ಅಳೆದು ಸರಿಮಾಡುವುದು. "ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತಾರಲ್ಲ, ಹಾಗೆ ಎಳೆದಾಡೋ ಚಕ್ರಗಳಿಗೆ ಬುದ್ಧಿ ಹೇಳೋದು ನನ್ನ ಕಸುಬು" ಎಂದು ಮದುವೆಯಾದ ಹೊಸತರಲ್ಲಿ ನನಗೆ ವಿವರಿಸಿದ್ದರು. ಅಷ್ಟು ಉದ್ದದ ಮಾತನ್ನು ಅವರು ಆಮೇಲೆ ಆಡಿದ್ದು ಕಡಿಮೆ.

ನಾನು ಹಿಂಬಾಗಿಲು ತೆಗೆದಾಗ ಶೆಡ್ಡಿನ ಮುಂದೆ ಕ್ಷೌರದಂಗಡಿಯವನು ತನ್ನ ಕಾರಿನ ಪಕ್ಕ ನಿಂತಿದ್ದ. ಎರಡು ಬೀದಿ ಆಚೆಯವನು. ನನ್ನ ತಮ್ಮ ಬಂದಾಗಲೆಲ್ಲ ತಲೆ ಕೊಡುತ್ತಿದ್ದುದು ಇವನಿಗೇ. ಕಾರಿನ ಚಕ್ರಗಳು ಮೈಯೊಳಗೆ ಹುದುಗಿದ್ದವು. ಮುಂದಿನ ಎರಡೂ ಚಕ್ರಗಳ ತಲೆ ಒಳಕ್ಕೆ ವಾಲಿತ್ತು.

ನನ್ನ ಗಂಡ ಗೋಡೆಯ ಬೋರ್ಡನ್ನು ತೋರಿಸಿದರು. ತಗ್ಗಿಸಿದ ಗಾಡಿ ನೋಡುವುದಿಲ್ಲ ಎಂದು ಅವರೇ ಬರೆದು ನೇತುಹಾಕಿದ್ದು.

"ಓದಕ್ಕೆ ಬರತ್ತಣ್ಣ. ಆದ್ರೂ ಬಂದೆ."

"ಸ್ಪ್ರಿಂಗ್ ಕತ್ತರಿಸಿ ಇಳಿಸ್ದೆಯಾ? ಕತ್ತರಿ ಕೈಲಿದೆ ಅಂತ?"

"ಇಲ್ಲಣ್ಣ, ಗಿಡ್ಡನೇದು ಹೊಸದೇ ಹಾಕ್ಸಿದ್ದು. ನಿನ್ನೆ. ಹಾಕ್ದೋನು ಹಂಗೇ ಓಡ್ಸು ಏನಾಗಲ್ಲ ಅಂದ. ಸೀದಾ ಹೋದ್ರೂ ಸ್ಟೇರಿಂಗು ಸೊಟ್ಟಗಿರತ್ತೆ. ಕೈ ಬಿಟ್ರೆ ಪಕ್ಕಕ್ಕೆ ಎಳೀತದೆ. ನಂಗೆ ಹೆದರಿಕೆ ಆಯ್ತು. ನಿಮ್ಮ ಮನೇಲಿ ಹಿಂಗೆಲ್ಲ ಆಗಿರೋವಾಗ ಬರಬಾರದಿತ್ತು, ಗೊತ್ತು." ಅವನು ನನ್ನ ಕಡೆ ನೋಡಿ ತಲೆ ತಗ್ಗಿಸಿದ. "ಅಕ್ಕ, ತಪ್ಪು ತಿಳ್ಕೋಬೇಡಿ."

ನನ್ನ ಗಂಡ ಬೆನ್ನು ತಿರುಗಿಸಿ ಸ್ಪಾನರುಗಳನ್ನು ಒಂದೊಂದಾಗಿ ಮೊಳೆಗೆ ಸಿಕ್ಕಿಸತೊಡಗಿದರು. ಅವೆಲ್ಲ ಆಗಲೇ ಮೊಳೆಯಲ್ಲೇ ಇದ್ದವು. ತೆಗೆದು ತೆಗೆದು ಮತ್ತೆ ಸಿಕ್ಕಿಸುತ್ತಿದ್ದರು.

"ನೋಡಿ ಕಳಿಸ್ರಿ" ಎಂದೆ. "ಇಲ್ಲದಿದ್ರೆ ಹಾಗೇ ಓಡಿಸ್ತಾನೆ."

ಹೇಳಿದ ಮೇಲೆ ನನ್ನ ನಾಲಿಗೆ ನನಗೇ ಕಹಿಯಾಯಿತು. ಏಳು ತಿಂಗಳ ಹಿಂದೆ ಇದೇ ಹೊಸ್ತಿಲಲ್ಲಿ ನಿಂತು ಹೆಚ್ಚುಕಡಿಮೆ ಇದೇ ಮಾತು ಆಡಿದ್ದೆ.

ಆಗ ತಮ್ಮ ಗಿಡ್ಡನೆಯ ಹೊಸ ಸ್ಪ್ರಿಂಗುಗಳನ್ನು ಡಬ್ಬದಲ್ಲಿ ಹೊತ್ತು ತಂದಿದ್ದ. ಅವನ ಊರು ಇಲ್ಲಿಗೆ ಅರ್ಧ ದಿನದ ದಾರಿ. ಔಷಧದ ಕಂಪನಿಯೊಂದಕ್ಕೆ ಊರೂರು ತಿರುಗುವ ಕೆಲಸ, ಕಾರೇ ಅವನ ಮನೆ.

"ನಾಲ್ಕು ಬೆರಳು ಭಾವ. ನಾಲ್ಕೇ ಬೆರಳು ಇಳಿಸಿಕೊಡಿ."

"ತಯಾರು ಮಾಡಿದೋರು ದಡ್ಡರಾ? ಅಷ್ಟು ಎತ್ತರ ಬೇಕು ಅಂತಾನೇ ಇಟ್ಟಿದಾರೆ."

"ನೋಡೋಕೆ ಚೆಂದ ಇರತ್ತೆ."

"ನೋಡೋರು ಹೊರಗಿರ್ತಾರೆ ಭಾಮೈದ, ನೀನು ಒಳಗಿರ್ತೀಯ. ನಿನ್ನ ಉದ್ದಕ್ಕೆ ಈಗಲೇ ಮಂಡಿ ಗಲ್ಲಕ್ಕೆ ತಾಗತ್ತೆ. ಇನ್ನು ಬಾವಿಗೆ ಇಳಿದ ಹಾಗೆ ಇಳೀಬೇಕು."

"ಏಣಿ ನಾನೇ ಇದೀನಲ್ಲ."

ನಾನು ನಕ್ಕುಬಿಟ್ಟೆ. ಆಮೇಲೆ ಹೇಳಿದೆ: "ಮಾಡಿಕೊಡ್ರಿ. ಇಲ್ಲದಿದ್ರೆ ಬೇರೆ ಕಡೆ ಹೋಗಿ ಕೆಟ್ಟದಾಗಿ ಮಾಡಿಸ್ಕೊಂಡು ಬರ್ತಾನೆ."

ಇದು ನನ್ನ ಪಾಲು. ಯಾರೂ ಇದನ್ನು ನನಗೆ ಎತ್ತಿ ಆಡಿಲ್ಲ. ನಾನೇ ದಿನಕ್ಕೊಮ್ಮೆ ಆಡಿಕೊಳ್ಳುತ್ತೇನೆ.

ಅವತ್ತಿನ ಕೆಲಸವನ್ನು ನನ್ನ ಗಂಡ ಶ್ರದ್ಧೆಯಿಂದಲೇ ಮಾಡಿದರು. ಗಾಡಿ ಕೆಳಗಿಳಿದರೆ ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ, ಮೂತಿ ಅತ್ತಿತ್ತ ತಿರುಗುತ್ತದೆ. ಅದನ್ನೆಲ್ಲ ಮತ್ತೆ ಅಳೆದು ನೇರಮಾಡಬೇಕು. ಅಳೆಯುವಾಗ ಅವರದು ಒಂದು ನೇಮ. ಖಾಲಿ ಗಾಡಿಯನ್ನು ಅವರು ಎಂದೂ ಅಳೆದವರಲ್ಲ. "ಕೂತ ಮೇಲೇ ಅಳೀಬೇಕು" ಎನ್ನುತ್ತಾರೆ. ಓಡಿಸುವವನ ಭಾರ ಬಿದ್ದಾಗಲೇ ಗಾಡಿ ನಿಜ ಹೇಳುವುದಂತೆ. ಯಜಮಾನ ಇಲ್ಲದಿದ್ದರೆ ಸೀಟಿನ ಮೇಲೆ ಎರಡು ಮರಳಿನ ಚೀಲ ಕೂರಿಸುತ್ತಾರೆ. ಮಗಳು ನಡೆಯಲು ಕಲಿತಾಗಿನಿಂದ ಕೇಳಿಕೊಂಡು ಬಂದ ಮಾತು ಇದು. ಗೊಂಬೆ ಆಟದಲ್ಲೂ ಗೊಂಬೆಯನ್ನು ರಟ್ಟಿನ ಡಬ್ಬದಲ್ಲಿ ಕೂರಿಸಿ "ಕೂತಾಯ್ತಾ? ಹಾಗಾದ್ರೆ ಅಳೀತೀನಿ" ಎನ್ನುತ್ತಿದ್ದಳು.

ಅವತ್ತು ತಮ್ಮನೇ ಕೂತ. ಮಡಚಿದ ಏಣಿಯ ಹಾಗೆ ಕೂತು, ಕಿಟಕಿಯಿಂದ ಒಂದು ಮೊಣಕೈ ಹೊರಗೆ ಚೆಲ್ಲಿ, "ಕಾಲು ಜೋಮು ಹಿಡೀತು ಭಾವ, ಬೇಗ" ಎಂದು ಕಾಡುತ್ತಿದ್ದ. ಯಾಕಮ್ಮ ಸ್ಟೂಲಿನ ಮೇಲೆ ನಿಂತು ಕಂಪ್ಯೂಟರಿನ ಪರದೆಯನ್ನು ಕಾಯುತ್ತಿದ್ದಳು. ಕೆಂಪು ಅಂಕಿಗಳು ಒಂದೊಂದಾಗಿ ಹಸಿರಾದವು. ನಾಲ್ಕೂ ಹಸಿರಾದಾಗ ಚಪ್ಪಾಳೆ ತಟ್ಟಿದಳು.

ಇಲ್ಲಿ ನನ್ನ ಗಂಡನ ಮಾತಿನ ಬಗ್ಗೆ ಒಂದು ಹೇಳಬೇಕು. ಅವರು ಮಾತಿನಲ್ಲಿ ಯಾರು, ಯಾವುದು ಎಂಬುದನ್ನು ಬಿಟ್ಟೇ ಆಡುತ್ತಾರೆ. "ಬಂತಾ?" ಎಂದರೆ ಹಾಲು ಬಂತೋ, ಕರೆಂಟು ಬಂತೋ, ಮಗುವಿಗೆ ಜ್ವರ ಬಂತೋ, ನಾವೇ ತುಂಬಿಕೊಳ್ಳಬೇಕು. ಹತ್ತು ವರ್ಷ ಸಂಸಾರ ಮಾಡಿ ನನಗೆ ತುಂಬಿಕೊಳ್ಳುವುದು ರೂಢಿಯಾಗಿದೆ.

ತಮ್ಮ ಹೊರಟು ಗೇಟಿನ ಹತ್ತಿರ ಹೋಗಿದ್ದ. ಇವರು ಆಗಲೇ ಇನ್ನೊಂದು ಗಾಡಿಯ ಕೆಳಗೆ, ನೆಲದಲ್ಲಿ ತೋಡಿದ ಕೆಲಸದ ಗುಂಡಿಯೊಳಗೆ ಇಳಿದಿದ್ದರು. ನಾನು ಹಿಂಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಗುಂಡಿಯೊಳಗಿಂದ ಅವರ ದನಿ ಬಂತು: "ಯಾಕಮ್ಮ, ಓಡು. ಮಾಮನಿಗೆ ಹೇಳು, ಕೂತ ಮೇಲೆ ಇನ್ನೊಂದ್ಸಲ ಅಳೀಬೇಕು ಅಂತ."

ಅವಳು ಓಡಿದಳು. ಕಿಟಕಿಯ ಹತ್ತಿರ ತುದಿಗಾಲಲ್ಲಿ ನಿಂತು ಏನೋ ಹೇಳಿದಳು. ಅವನು ಆ ಉದ್ದದ ಕೈ ಚಾಚಿ ಅವಳ ತಲೆ ಸವರಿ, ನಗುತ್ತ ಏನೋ ಅಂದ. ನನಗೆ ಕೇಳಿಸಲಿಲ್ಲ. ಆಮೇಲೆ ಕಾರಿನ ಹೊಟ್ಟೆ ಉಜ್ಜಿದ ಆ ಸದ್ದು. ಅವನು ಕೈ ಬೀಸುತ್ತ ತಿರುವಿನಲ್ಲಿ ಮರೆಯಾದ.

ಅವಳು ಓಡಿಬಂದು ಗುಂಡಿಯ ಅಂಚಿನಲ್ಲಿ ಕೂತು ಬಗ್ಗಿದಳು.

"ಹೇಳ್ದೆಯಾ?"

"ಹೇಳ್ದೆ."

"ಏನಂದ?"

"ಆಯ್ತು ಅಂದ."

ಇಷ್ಟೇ ನಡೆದದ್ದು.

ಹನ್ನೊಂದು ವಾರ ಅವನು ಬರಲಿಲ್ಲ. "ನಿನ್ನ ತಮ್ಮ ಗಾಡಿ ತರಬೇಕಿತ್ತು" ಎಂದು ಇವರು ಒಮ್ಮೆ ಅಂದರು. "ನೀವೇ ಫೋನ್ ಮಾಡಿ" ಎಂದೆ. "ಹೇಳಿಕಳಿಸಿದೀನಿ. ಆಯ್ತು ಅಂದಿದಾನೆ. ನಾನು ಹಿಂದೆ ಬೀಳಬೇಕಾ?" ಎಂದರು. ನಾನು ಪ್ರತಿ ವಾರ ಅವನ ಹತ್ತಿರ ಮಾತಾಡುತ್ತಿದ್ದೆ. ಊಟ ಸರಿಯಾಗಿ ಮಾಡ್ತೀಯೇನೋ, ಕೆಮ್ಮು ಹೋಯ್ತೇನೋ. ಕಾರಿನ ಮಾತು ಬಾಯಿಗೆ ಬರಲಿಲ್ಲ.

ಹನ್ನೆರಡನೆಯ ವಾರ, ಒಂದು ಸೇತುವೆಯ ತಿರುವಿನಲ್ಲಿ, ಮುಂದಿನ ಟೈರು ಒಡೆದು ಕಾರು ಕಟ್ಟೆಗೆ ಬಡಿಯಿತು. ಹೆಚ್ಚು ಹೊತ್ತು ನರಳಲಿಲ್ಲ ಎಂದರು. ಎಲ್ಲರಿಗೂ ಹಾಗೇ ಹೇಳುತ್ತಾರೇನೋ.

ನನ್ನ ಗಂಡ ಹೋಗಿ ಆ ಟೈರನ್ನು ತಂದು ಶೆಡ್ಡಿನ ಹಿಂದೆ ಗೋಣಿಚೀಲ ಮುಚ್ಚಿ ಇಟ್ಟರು. ಅವರಿಲ್ಲದ ಹೊತ್ತಿನಲ್ಲಿ ನಾನು ಚೀಲ ಸರಿಸಿ ನೋಡಿದೆ. ಹೊರಮೈ ಹೊಸದರ ಹಾಗೇ ಇತ್ತು. ಹೊಸ ಟೈರಿಗೆ ಇರುವ ರಬ್ಬರಿನ ಸಣ್ಣ ಕೂದಲೂ ಅಲ್ಲಲ್ಲಿ ಇನ್ನೂ ಉಳಿದಿತ್ತು. ಕಾರಿನ ಅಡಿಯ ಕಡೆಗಿರುವ ಒಳಅಂಚಿಗೆ ಕೈ ಹಾಕಿದೆ. ಅಲ್ಲಿ ರಬ್ಬರೇ ಇರಲಿಲ್ಲ, ನೂಲು ಹೊರಬಂದಿತ್ತು. ಅಂಗೈ ಮುಂದಕ್ಕೆ ಸವರಿದರೆ ನುಣುಪು, ಹಿಂದಕ್ಕೆ ತಂದರೆ ಗರಗಸ. ಕಾಲು ಒಳಕ್ಕೆ ತಿರುಗಿಸಿ ನಡೆಯುವವರ ಚಪ್ಪಲಿ ಒಂದೇ ಅಂಚಿನಲ್ಲಿ ಸವೆಯುವ ಹಾಗೆ ಸವೆದಿತ್ತು. ಪಕ್ಕದಲ್ಲಿ ನಿಂತು ನೋಡಿದವರಿಗೆ ಯಾರಿಗೂ ಕಾಣುವಂತಿರಲಿಲ್ಲ. ದಿನಾ ಬೆಳಿಗ್ಗೆ ಕಾರು ಒರೆಸುತ್ತಿದ್ದ ನನ್ನ ತಮ್ಮನಿಗೂ.

ಮಾತಾಡಿಸಲು ಬಂದವರಿಗೆಲ್ಲ ನನ್ನ ಗಂಡ ಎರಡೇ ಮಾತು ಹೇಳಿದರು. "ಹೇಳಿಕಳಿಸಿದ್ದೆ. ಆಯ್ತು ಅಂದಿದ್ದ." ನನ್ನ ಚಿಕ್ಕಪ್ಪನಿಗೆ, ನೆರೆಯವರಿಗೆ, ಫೋನಿನಲ್ಲಿ, ಬಾಗಿಲಲ್ಲಿ. ಕೆಲವು ಸಲ ಯಾರೂ ಇಲ್ಲದಾಗಲೂ. ಮೊದಮೊದಲು ಅದರಲ್ಲಿ ಅಳು ಇತ್ತು. ಬರಬರುತ್ತ ಸಿಟ್ಟು ಸೇರಿತು. "ಕಾಲು ಗಂಟೆ ಕೆಲಸ. ಒಂದ್ಸಲ ಬರೋಕಾಗಲಿಲ್ಲ ಅವನಿಗೆ. ದೊಡ್ಡವರ ಮಾತು ಅಂದ್ರೆ ಅಷ್ಟು ಅಸಡ್ಡೆ." ಸತ್ತವನ ಮೇಲೆ ಸಿಟ್ಟು ಮಾಡಬೇಡಿ ಎಂದು ನಾನು ಹೇಳಲಿಲ್ಲ. ಆ ಸಿಟ್ಟನ್ನೂ ಕಿತ್ತುಕೊಂಡರೆ ಅವರ ಕೈಯಲ್ಲಿ ಏನು ಉಳಿಯುತ್ತದೆಂದು ನನಗೆ ಹೆದರಿಕೆಯಿತ್ತು.

ಒಂದನ್ನು ಮಾತ್ರ ಗಮನಿಸಿದ್ದೆ. ಅವರು "ಆಯ್ತು ಅಂದಿದ್ದ" ಎಂದಾಗಲೆಲ್ಲ ಮಗಳು ಎದ್ದು ಇನ್ನೊಂದು ಕೋಣೆಗೆ ಹೋಗುತ್ತಿದ್ದಳು.

ಈಗ ಶೆಡ್ಡಿನಲ್ಲಿ ಸ್ಪಾನರುಗಳ ಸದ್ದು ನಿಂತಿತು. ನನ್ನ ಗಂಡ ಬೋರ್ಡನ್ನು ತೆಗೆಯಲಿಲ್ಲ, ಆದರೆ "ಒಳಗೆ ತಗೊಂಬಾ" ಎಂದು ಕ್ಷೌರದಂಗಡಿಯವನಿಗೆ ಸನ್ನೆ ಮಾಡಿದರು. ಕಾರು ಕಬ್ಬಿಣದ ತಟ್ಟೆಗಳ ಮೇಲೆ ಹತ್ತಿ ನಿಂತಿತು. ಚಕ್ರಗಳಿಗೆ ಅಳತೆಯ ಹಲಗೆಗಳನ್ನು ಸಿಕ್ಕಿಸಿದರು. ಪರದೆಯ ತುಂಬ ಕೆಂಪು.

"ಕೂತ್ಕೋ. ಕೂತ ಮೇಲೇ ಅಳೀಬೇಕು."

ಕ್ಷೌರದಂಗಡಿಯವನು ಸೀಟಿನಲ್ಲಿ ಕೂತ. ನಾನು ಒಳಗೆ ಹೋಗಿ ಜಡೆ ಮುಗಿಸಬೇಕಿತ್ತು, ಡಬ್ಬಿ ಕಟ್ಟಬೇಕಿತ್ತು. ಕಾಲು ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಇವರ ಕೈ ಅಷ್ಟು ಕೆಳಗಿನ ಗಾಡಿಯ ಅಡಿಗೆ ಹೋಗುವುದನ್ನು ನೋಡುತ್ತ ನಿಂತೆ. ಗುಂಡಿಯಲ್ಲಿ ಇವರು ನಟ್ಟು ತಿರುಗಿಸಿದಂತೆ ಮೇಲೆ ಅಂಕಿ ಬದಲಾಗುತ್ತಿತ್ತು. ಒಂದು ಹಸಿರು. ಎರಡು. ಹಿಂದೆ ಸಣ್ಣ ಉಸಿರು ಕೇಳಿ ತಿರುಗಿದೆ. ಮಗಳು ಹಿಂಬಾಗಿಲಿಗೆ ಬಂದು ನಿಂತಿದ್ದಳು, ಅರ್ಧ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ತಮ್ಮ ಹೋದ ಮೇಲೆ ಅವಳು ಆ ಬಾಗಿಲಿಗೆ ಬಂದದ್ದು ಅದೇ ಮೊದಲು.

ನಾಲ್ಕೂ ಹಸಿರಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇವರು ಮೇಲೆ ಬಂದು ಕೈ ಒರೆಸಿಕೊಂಡರು.

"ಇವತ್ತಿಗೆ ಸರಿ. ಕೂತ ಮೇಲೆ ಇನ್ನೊಂದ್ಸಲ ಅಳೀಬೇಕು."

"ಯಾರು ಕೂತ ಮೇಲಣ್ಣ? ನಾನು ಕೂತೇ ಇದೀನಲ್ಲ."

"ನೀನಲ್ಲ ಮಾರಾಯ. ಸ್ಪ್ರಿಂಗು. ಹೊಸ ಸ್ಪ್ರಿಂಗು ಒಂದು ವಾರ ಓಡಿದ ಮೇಲೆ ಇನ್ನಷ್ಟು ಕೆಳಗೆ ಕೂರತ್ತೆ. ಹೊಸದಾಗಿ ಹಾಕಿದ ಮಣ್ಣು ಕೂರಲ್ವಾ, ಹಾಗೆ. ಅದು ಕೂತ್ರೆ ಇವತ್ತು ನೆಟ್ಟಗೆ ಮಾಡಿದ್ದೆಲ್ಲ ಮತ್ತೆ ಸೊಟ್ಟ. ಟೈರನ್ನ ಒಳಅಂಚಿಂದ ತಿನ್ನತ್ತೆ. ನಿಂಗೆ ಕಾಣಲ್ಲ."

"ಓ, ಸ್ಪ್ರಿಂಗಾ! ಆಯ್ತಣ್ಣ."

"ಆಯ್ತು ಅನ್ಬೇಡ" ಎಂದರು ನನ್ನ ಗಂಡ. ದನಿ ಎತ್ತಲಿಲ್ಲ. "ಯಾವತ್ತು ಬರ್ತೀಯ, ಅದನ್ನ ಹೇಳು."

ಕ್ಷೌರದಂಗಡಿಯವನು ಕಾರಿನಿಂದ ಇಳಿದು, ಬೆರಳು ಮಡಚಿ ಎಣಿಸಿ, ಬರುವ ವಾರ ತನ್ನ ಅಂಗಡಿಗೆ ರಜ ಇರುವ ದಿನ ಹೇಳಿದ. ಇವರು ಅದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದರು.

ತಿರುಗಿ ನೋಡಿದರೆ ಮಗಳು ಬಾಗಿಲಲ್ಲಿ ಇರಲಿಲ್ಲ.

ಒಳಗೆ ಮಣೆಯ ಮೇಲೆ, ನಾನು ಬಿಟ್ಟುಹೋದ ಹಾಗೆಯೇ ಕೂತಿದ್ದಳು. ಜಡೆ ಮಾತ್ರ ಪೂರ್ತಿ ಬಿಚ್ಚಿಹೋಗಿತ್ತು. ಹಿಂದೆ ಕೂತು, ಸಿಕ್ಕು ಬಿಡಿಸಿ, ಮತ್ತೆ ಮೂರು ಪಾಲು ಮಾಡಿದೆ. ಶಾಲೆಗೆ ಹೊತ್ತಾಗಿತ್ತು. ಹೊರಗೆ ಕಾರಿನ ಹೊಟ್ಟೆ ಮತ್ತೊಮ್ಮೆ ಇಳಿಜಾರಿಗೆ ಉಜ್ಜಿ, ದೂರವಾಯಿತು.

"ಅಮ್ಮ."

"ಹೂಂ."

"ಅಪ್ಪ ಹೇಳಿದ್ದನ್ನೇ ನಾನು ಹೇಳ್ದೆ. ಒಂದು ಮಾತೂ ಬಿಡಲಿಲ್ಲ. ಕೂತ ಮೇಲೆ ಇನ್ನೊಂದ್ಸಲ ಅಳೀಬೇಕಂತೆ ಅಂದೆ."

"ಗೊತ್ತು ಕಂದ. ನೀನು ಸರಿಯಾಗೇ ಹೇಳಿದೀಯ. ನಿನ್ನನ್ನ ಯಾರೂ ಏನೂ ಅಂದಿಲ್ಲ."

"ಮಾಮ ನಕ್ಕ." ಅವಳು ತನ್ನ ಮಂಡಿಯನ್ನೇ ನೋಡುತ್ತಿದ್ದಳು. "ಕೂತೇ ಅಳ್ದಿದ್ದಲ್ವಾ ಯಾಕಮ್ಮ, ಕಾಲೆಲ್ಲ ಜೋಮು ಹಿಡಿದಿದೆ ನೋಡು, ಆಯ್ತು ಅಂತ ಹೇಳು ನಿಮ್ಮಪ್ಪಂಗೆ, ಅಂದ. ನಾನು ಬಂದು ಆಯ್ತಂತೆ ಅಂತ ಹೇಳ್ದೆ."

ಕೂದಲಿನ ಮೂರು ಎಳೆ ನನ್ನ ಬೆರಳುಗಳ ನಡುವೆ ಹಾಗೇ ನಿಂತವು. ಆಯ್ತು. ಮುಗಿಯಿತು ಎನ್ನುವುದಕ್ಕೂ ಆಯ್ತು, ಬರುತ್ತೇನೆ ಎನ್ನುವುದಕ್ಕೂ ಆಯ್ತು. ಅವನು ಒಂದನ್ನು ಕೊಟ್ಟು ಕಳಿಸಿದ. ಗುಂಡಿಯೊಳಗಿದ್ದವರಿಗೆ ಇನ್ನೊಂದು ಮುಟ್ಟಿತು. ನಡುವೆ ಓಡಿದವಳು ಎಂಟು ವರ್ಷದ ಮಗು, ಒಂದು ಅಕ್ಷರವನ್ನೂ ಚೆಲ್ಲದೆ. ನಾನು ಜೋಡಿಸಿ ಇಟ್ಟುಕೊಂಡಿದ್ದ ಉತ್ತರ ಇದಕ್ಕಲ್ಲ.

ತಲೆ ಎತ್ತಿದೆ. ಅಡುಗೆಮನೆಯ ಹಿಂಬಾಗಿಲಲ್ಲಿ ನನ್ನ ಗಂಡ ನಿಂತಿದ್ದರು. ನೀರು ಕುಡಿಯಲು ಬಂದಿರಬೇಕು, ಕೈಯಲ್ಲಿ ಖಾಲಿ ಲೋಟ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮಗಳು ತಲೆ ತಗ್ಗಿಸಿ ಕೂತಿದ್ದಳು, ಅವಳಿಗೆ ತಿಳಿಯಲಿಲ್ಲ. ಅವರು ನನ್ನನ್ನು ನೋಡುತ್ತಿರಲಿಲ್ಲ. ಅವಳ ಬಿಚ್ಚಿದ ಕೂದಲನ್ನು ನೋಡುತ್ತಿದ್ದರು.

ನಾನು ಬೇಡ ಎನ್ನುವ ಹಾಗೆ ತಲೆ ಆಡಿಸಿದೆ. ಯಾರಿಗೆ ಬೇಡ ಎಂದೆನೋ, ಅವರಿಗೋ ಅವಳಿಗೋ. ಅವಳು ಮಣೆಯ ಮೇಲೆಯೇ ತಿರುಗಿ, ಕೂದಲು ನನ್ನ ಕೈಯಿಂದ ಜಾರಿಹೋಗುವುದನ್ನೂ ಲೆಕ್ಕಿಸದೆ, ನಾಲ್ಕು ತಿಂಗಳ ಮೇಲೆ ಮೊದಲ ಸಲ ನನ್ನ ಮುಖವನ್ನು ನೇರ ನೋಡಿದಳು.

"ಅಮ್ಮ, ಅವತ್ತು ಕೂತ ಮೇಲೆ ಅಂತ ಅಪ್ಪ ಅಂದಿದ್ದು ಮಾಮ ಕೂತ ಮೇಲೆ ಅಂತ ಅಲ್ವಾ? ಸ್ಪ್ರಿಂಗಾ?"